ಮೂರು ಸಲ ಹೇಳಿದ ಕಾಲುವೆ

ನಾನು ಕೂತಿದ್ದದ್ದು ಶಾಮಿಯಾನದ ಎಡತುದಿಯಲ್ಲಿ, ಅಧಿಕಾರಿಗಳ ಮೇಜಿನಿಂದ ನಾಲ್ಕು ಹೆಜ್ಜೆ ಹಿಂದೆ. ಜಾಗ, ತಾಯಲೂರು ಹೋಬಳಿಯ ಒಂದು ಊರಿನ ಶಾಲಾ ಮೈದಾನ. ಕೊರೋನಾ ಕಳೆದ ಮರುವರ್ಷ, ಹುಣಸೆ ಬಡಿಯುವ ಕಾಲ, ಮಂಗಳವಾರ. ನಾನು ಹೇಳಲಿರುವ ಹೆಂಗಸು ಮೊದಲ ಸಲ ಮಾತಿಗೆ ಎದ್ದಾಗ ನನ್ನ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು. ಮೂರನೆಯ ಸಲ ಹೇಳಿ ಮುಗಿಸಿದಾಗ ಎರಡಾಗಲು ಹತ್ತು ನಿಮಿಷವಿತ್ತು.

ಕೋಲಾರದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಆ ಊರಿನ ಬೆಟ್ಟದಲ್ಲಿ ಕಲ್ಲುಗಣಿ ತೆರೆಯಲು ಒಂದು ಕಂಪನಿ ಅರ್ಜಿ ಹಾಕಿತ್ತು. ಅಂಥ ಕಂಪನಿ ಮೊದಲು ಅಲ್ಲಿನ ನೆಲಕ್ಕೆ, ನೀರಿಗೆ, ಜನರಿಗೆ ಏನಾಗಬಹುದೆಂದು ವರದಿ ಮಾಡಿಸಬೇಕು. ಅದರ ಸಾರಾಂಶವನ್ನು ಕನ್ನಡದಲ್ಲಿ ಊರಿನ ಮುಂದಿಡಬೇಕು. ಆಮೇಲೆ ಅಹವಾಲು ಸಭೆ. ಅಲ್ಲಿ ಜನ ಹೇಳಿದ್ದನ್ನು ಬರೆದುಕೊಂಡು, ಬರೆದದ್ದನ್ನು ಅಲ್ಲೇ ಎಲ್ಲರಿಗೂ ಓದಿ ಹೇಳಬೇಕು. ಬಂದ ಪ್ರತಿಯೊಂದು ಮಾತಿಗೂ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ಕಾನೂನು ಇಷ್ಟು ಹೇಳುತ್ತದೆ. ನಾನು ಅದನ್ನು ಕಾಗದದ ಕೆಲಸವೆಂದೇ ತಿಳಿದಿದ್ದೆ.

ಸಾರಾಂಶ ಟೈಪ್ ಮಾಡಿದವನು ನಾನು. ‘ಯೋಜನಾ ಪ್ರದೇಶದಲ್ಲಿ ನೀರು ಹರಿಯುವ ಕಾಲುವೆಗಳಿಲ್ಲ’ ಎಂಬ ವಾಕ್ಯವನ್ನೂ ನಾನೇ ಟೈಪ್ ಮಾಡಿದ್ದೆ. ಸಭೆಯ ಮಾತುಗಳನ್ನು ಬರೆದುಕೊಳ್ಳಲು ಆ ದಿನ ಕೈ ಸಾಲದೆ ನನ್ನನ್ನೇ ಕರೆದಿದ್ದರು.

ಮೊದಲು ಮಾತಾಡಿದವರು ಕೆಲಸ ಕೇಳಿದರು, ರಸ್ತೆ ಕೇಳಿದರು, ಶಾಲೆಗೆ ಕಾಂಪೌಂಡ್ ಕೇಳಿದರು. ಆಮೇಲೆ ಶಾಮಿಯಾನದ ಹೊರಗೆ ಬಿಸಿಲಲ್ಲಿ ಕೂತಿದ್ದ ಈ ಹೆಂಗಸು ಎದ್ದರು. ಅರವತ್ತು ದಾಟಿದವರು. ಆ ಊರಿನ ಕೆರೆಗೆ ಅವರೇ ನೀರಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ. ಗಂಡ ತೀರಿಕೊಂಡ ಮೇಲೆ ಅದು ಅವರ ಪಾಲಿಗೆ ಬಂದಿತ್ತು. ಓದು ಬರಹ ಬರದು.

“ಬೆಟ್ಟದ ಬುಡದಾಗೆ ಕಲ್ಲುಪುಡಿ ಸುರೀತಾರಂತೆ ಸಾಮಿ. ಅಲ್ಲಿ ಕಾಲ್ವೆ ಐತೆ. ಅದು ಮುಚ್ಚಿದ್ರೆ ಕೆರೆಗೆ ನೀರು ಬರಲ್ಲ,” ಎಂದರು.

ಕಂಪನಿಯ ಎಂಜಿನಿಯರು ಚಿಕ್ಕ ವಯಸ್ಸಿನವರು, ಸಭ್ಯರು. “ನಕ್ಷೆಯಲ್ಲಿ ಇಲ್ವಲ್ಲಮ್ಮ,” ಎಂದರು.

“ನಕ್ಷೇಲಿ ಇಲ್ದಿದ್ರೆ ಇಲ್ದೆ ಹೋಯ್ತಾ?” ಎಂದು ಆಕೆ ಕಾಲುವೆಯ ಹಾದಿ ಹೇಳತೊಡಗಿದರು. ಬೆಟ್ಟದ ಮೇಲೆ ಬಂಡೆಯ ಕುಳಿಯಲ್ಲಿ ಮಳೆನೀರು ನಿಲ್ಲುವ ದೊಣೆಯಿಂದ ನೀರು ಇಳಿಯುವುದು, ಎರಡು ಗುಂಡುಕಲ್ಲುಗಳ ನಡುವೆ ನುಗ್ಗುವುದು, ಬಲಕ್ಕೆ ಹೊಂಗೆಮರ, ಅಲ್ಲಿಂದ ನಲವತ್ತು ಮಾರು ಕೆಳಗೆ ಎಡಕ್ಕೆ ತಿರುವು, ಹೀಗೆ. ನಾನು ಕೈಬರಹದಲ್ಲಿ ಗೀಚಿಕೊಂಡೆ. ಕೋರ್ಟಿನ ಮುಂದೆ ಕೂತು ಅರ್ಜಿ ಬರೆದು ಕಲಿತ ವೇಗ.

ಮುಂದಿನ ಸಾಲಿನ ಯುವಕನೊಬ್ಬ ಕೂಗಿದ: “ಅವ್ವಾ, ಮಳೇನೇ ಬರ್ದಿದ್ರೆ ಆ ಕಾಲ್ವೇಲಿ ಏನ್ ನಿನ್ ಎಮ್ಮೆ ಹರೀತದಾ?” ಜನ ನಕ್ಕರು.

“ನೀನು ಈಜು ಕಲ್ತಿದ್ದು ಯಾವ ನೀರಲ್ಲೋ? ನಿಮ್ಮಪ್ಪ ಬೋರ್ ಹಾಕ್ಸಿದ್ನಾ ಅದಕ್ಕೆ?” ಎಂದರು ಆಕೆ. ಈ ಸಲ ನಗು ಜಾಸ್ತಿ ಬಂತು.

ಎಂಜಿನಿಯರು, “ನಮ್ಮ ಬೇಲಿ ಒಳಗೆ ಎಲ್ಲಿ ಬರುತ್ತೆ, ಅಷ್ಟು ಮಾತ್ರ ಹೇಳಿ ಅಮ್ಮ, ಸಾಕು,” ಎಂದರು.

“ನಡುವಿಂದ ಹೇಳಕ್ಕೆ ನಂಗೆ ಬರಲ್ಲ ಸಾಮಿ. ಮೇಲಿಂದಾನೇ ಬರ್ಬೇಕು.” ಮತ್ತೆ ದೊಣೆಯಿಂದ ಶುರು ಮಾಡಿದರು. ಊಟದ ಹೊತ್ತಾಗಿತ್ತು. ಎರಡನೆಯ ಸಲ ಯಾರೂ ಕೇಳಿಸಿಕೊಳ್ಳಲಿಲ್ಲ. ನಾನೂ ಕೂಡ.

ಎಲ್ಲರ ಮಾತು ಮುಗಿದ ಮೇಲೆ ನಾನು ಅಲ್ಲೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದನ್ನು ಓದಿದೆ. ನೀರಗಂಟಿಯವರ ಪಾಲಿಗೆ ಒಂದೇ ಸಾಲು ಇತ್ತು: ‘ಕೆರೆಯ ನೀರಿನ ಬಗ್ಗೆ ಒಬ್ಬ ಮಹಿಳೆ ಆತಂಕ ವ್ಯಕ್ತಪಡಿಸಿದರು.’

ಅವರು ಎದ್ದರು. “ಆತಂಕ ಅಂದ್ರೆ ಏನು ಸಾಮಿ?”

“ಭಯಮ್ಮ,” ಎಂದರು ಸಭೆ ನಡೆಸುತ್ತಿದ್ದ ಅಧಿಕಾರಿ.

“ನಂಗೇನೂ ಭಯ ಇಲ್ಲ. ಕಾಲ್ವೆ ಐತೆ ಅಂದೆ. ಅದು ಬರ್ದಿಲ್ಲ ಇದ್ರಾಗೆ.”

ಅಧಿಕಾರಿ ನನ್ನ ಕಡೆ ತಿರುಗಿ, “ಪೂರ್ತಿ ಯಾಕೆ ಬರೆದಿಲ್ಲ?” ಎಂದು ಕೇಳಿದರು. ಅದನ್ನು ಬಿಟ್ಟುಬಿಡು ಎಂದು ಯಾರೂ ನನಗೆ ಹೇಳಿರಲಿಲ್ಲ. ಇಪ್ಪತ್ತು ವರ್ಷಗಳಿಂದ ನಾನು ಜನರ ಮಾತನ್ನು ಹೀಗೆಯೇ ಸಾಲಿಗಿಳಿಸುತ್ತಿದ್ದೆ, ಅಷ್ಟೆ. ಗೀಚಿದ ಹಾಳೆಗಳನ್ನು ತೋರಿಸಿದೆ.

“ಆವಾಗ ಅವರ ಪೆನ್ನು ಓಡ್ತಾ ಇತ್ತು, ನಾನು ನೋಡ್ದೆ,” ಎಂದರು ಆಕೆ. “ಆ ಹಾಳೆ ಕೈಲಿ ಹಿಡ್ಕೊಳ್ಳಲಿ. ನಾನು ಹೇಳ್ತೀನಿ. ತಪ್ಪಿದ್ರೆ ಹೇಳ್ಲಿ.”

ಹಾಳೆ ಹಿಡಿದೆ. ಅವರು ದೊಣೆಯಿಂದ ಶುರು ಮಾಡಿದರು.

ಬೆಟ್ಟ ಅವರ ಬೆನ್ನ ಹಿಂದೆಯೇ ಕಾಣುತ್ತಿತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ. ದೃಷ್ಟಿ ನೆಲದ ಮೇಲಿತ್ತು. ಕಾಲುವೆ ತಿರುಗುವ ಕಡೆಯಲ್ಲೆಲ್ಲ ಅವರ ಹಿಮ್ಮಡಿ ಅಷ್ಟೇ ಅಷ್ಟು ತಿರುಗುತ್ತಿತ್ತು. ನನ್ನ ಬೆರಳು ಸಾಲಿನ ಮೇಲೆ ಹೋಗುತ್ತಿತ್ತು, ಅವರ ಮಾತು ಬೆರಳಿನ ಜೊತೆಗೇ ಬರುತ್ತಿತ್ತು. ಒಂದು ಮಾರು ಹೆಚ್ಚಾಗಲಿಲ್ಲ, ಒಂದು ಮರ ಹಿಂದುಮುಂದಾಗಲಿಲ್ಲ. ಎರಡನೆಯ ಹಾಳೆಯಲ್ಲಿ ಒಂದು ಕಡೆ ಯಾರೋ ಕೆಮ್ಮಿದ್ದಕ್ಕೆ ಕೇಳಿಸದೆ ನಾನು ಜಾಗ ಬಿಟ್ಟಿದ್ದೆ. ಬೆರಳು ಆ ಖಾಲಿ ಜಾಗಕ್ಕೆ ಬಂದಾಗ ಅವರು “ಸುಣ್ಣದ ಕಲ್ಲು” ಎಂದರು. ಕಣ್ಣಿಗೆ ಕಾಣದ ಒಂದು ಹಾದಿ ಆ ಮೈದಾನದ ನಡುವೆ, ಎಲ್ಲರ ಎದುರಿಗೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಎಮ್ಮೆಯ ಮಾತಾಡಿದ್ದ ಯುವಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ.

ಎಂಜಿನಿಯರು ನಕ್ಷೆ ಹರಡಿ, ಆಕೆಯ ಮಾತಿನ ಹಿಂದೆಯೇ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಕೊನೆಗೆ ನೀರು ಕೆರೆ ಸೇರಿದಾಗ ಪೆನ್ಸಿಲ್ ಕೆಳಗಿಟ್ಟರು. ಎಂಜಿನಿಯರು ಸುಮ್ಮನಿದ್ದಿದ್ದರೆ ಆ ಗೆರೆ ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

“ಸರ್, ಇದು ನಾವು ಕಲ್ಲುಪುಡಿ ಸುರಿಯೋಕೆ ಗುರುತು ಮಾಡಿರೋ ಜಾಗದ ಮೇಲೇ ಹೋಗುತ್ತೆ,” ಎಂದರು.

ಅಧಿಕಾರಿ, “ಆಯಮ್ಮ ಹೇಳಿದ್ದು ಹೇಳಿದ ಹಾಗೇ ಹೋಗಲಿ,” ಎಂದು ನನಗೆ ಹೇಳಿದರು. ಎರಡೂವರೆ ಪುಟ ಆಯಿತು. ಅಷ್ಟು ಹೊತ್ತೂ ಜನ ಊಟಕ್ಕೆ ಏಳದೆ ಕೂತಿದ್ದರು. ಓದಿ ಹೇಳಿದೆ. ಪ್ರತಿ ತಿರುವಿಗೂ ಅವರು ತಲೆಯಾಡಿಸಿದರು. “ಸರಿ ಐತೆ,” ಎಂದ ಮೇಲೆ ಅಧಿಕಾರಿ ಸಹಿ ಹಾಕಿದರು.

ಕೆಲವು ತಿಂಗಳ ನಂತರ ಅಂತಿಮ ವರದಿಯ ಕನ್ನಡ ಸಾರಾಂಶ ಟೈಪ್ ಮಾಡಲು ನನ್ನ ಅಂಗಡಿಗೇ ಬಂತು. ಕಾಲುವೆಗಳಿಲ್ಲ ಎಂಬ ವಾಕ್ಯ ಇರಲಿಲ್ಲ. ಕಂಪನಿಯವರು ಆಕೆಯ ಜೊತೆ ನಡೆದು ಅಳತೆ ಮಾಡಿದ್ದರು. ದೊಣೆಯಿಂದ ಕೆರೆಯವರೆಗೆ ಕಾಲುವೆ ಇದೆ, ಅದನ್ನೂ ಅದರ ಎರಡು ಬದಿಯನ್ನೂ ಮುಟ್ಟುವುದಿಲ್ಲ, ಕಲ್ಲುಪುಡಿಯ ಜಾಗವನ್ನು ಬೆಟ್ಟದ ಆಚೆ ಬದಿಗೆ ಬದಲಾಯಿಸಿದೆ ಎಂದಿತ್ತು. ಗಣಿ ಈಗ ನಡೆಯುತ್ತಿದೆ. ಕಳೆದ ಮಳೆಗಾಲದಲ್ಲಿ ನಾನೇ ಹೋಗಿ ನೋಡಿ ಬಂದೆ: ಕಾಲುವೆ ತೆರೆದಿತ್ತು, ನೀರು ಹರಿಯುತ್ತಿತ್ತು. ಮುಂದಿನ ವರ್ಷಗಳದ್ದು ನನಗೆ ಗೊತ್ತಿಲ್ಲ.

ಇದನ್ನು ಕಂಡವರಲ್ಲಿ ಆ ಅಧಿಕಾರಿ ನಿವೃತ್ತರಾಗಿ ಮುಳಬಾಗಿಲಿನಲ್ಲಿದ್ದಾರೆ. ಎಂಜಿನಿಯರು ಬೇರೆ ಕಂಪನಿ ಸೇರಿ ಬೇರೆ ಜಿಲ್ಲೆಯಲ್ಲಿದ್ದಾರೆ. ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಬಿಸಿಯೂಟದ ಅಕ್ಕ ಈಗಲೂ ಅಲ್ಲೇ ಅಡುಗೆ ಮಾಡುತ್ತಾರೆ. ಟೋಪಿ ತೆಗೆದ ಯುವಕ ಆ ಗಣಿಯಲ್ಲೇ ಟಿಪ್ಪರ್ ಓಡಿಸುತ್ತಾನೆ. ಪುಡಿ ಹೊತ್ತು ಆಚೆ ಬದಿಗೆ ಸುತ್ತಿಕೊಂಡು ಹೋಗುವವನು ಅವನೇ. ಮತ್ತೆ ಆ ನೀರಗಂಟಿ ಇದ್ದಾರೆ. ತೂಬು ಈಗಲೂ ಅವರೇ ಎತ್ತುತ್ತಾರೆ.