ಕಪ್ಪು ನೀರಿನ ಹಾಡು

ಆರ್ಮಿಂಟಾ ಕಾಡಿಲ್‌ಳನ್ನು, ಊರವರ ಬಾಯಲ್ಲಿ ಮಿಂಟಿಯನ್ನು, ನಾನು ಮೊದಲು ಕಂಡದ್ದು ೧೯೬೭ರ ಸೆಪ್ಟೆಂಬರಿನಲ್ಲಿ, ಸೀಡರ್ ತೊರೆಯ ಶಾಲೆಗೆ ಮೇಷ್ಟರಾಗಿ ಸೇರಿದ ದಿನ. ಅವಳು ಅಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡಿಗೆ ಮಾಡುತ್ತಿದ್ದಳು. ಬೀನ್ಸ್ ಕಾಳಿನ ಹಂಡೆಯಲ್ಲಿ ಸೌಟು ಆಡಿಸುತ್ತ ಹಾಡಿಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತುಬಿಟ್ಟೆ.

"ಉಪ್ಪು ನೋಡೋಕೆ ಬಂದ್ರೋ, ಹಾಡು ಕೇಳೋಕೋ, ಮೇಷ್ಟ್ರೇ?" ಎಂದಳು, ತಿರುಗಿಯೂ ನೋಡದೆ.

"ಹಾಡು ಕೇಳೋಕೆ."

"ಹಾಗಾದ್ರೆ ಊಟ ತಡ. ನಾನು ಹಾಡಿದ್ರೆ ಕಾಳು ತಳ ಹಿಡಿಯುತ್ತೆ."

ಆ ಹಾಡು ಒಂದು ನೀರಿನ ಬುಗ್ಗೆಯನ್ನು ಕುರಿತದ್ದು. ಕಣಿವೆಯ ನೆತ್ತಿಯಲ್ಲಿ ಗಣಿ ಕಂಪನಿಯವರು ಗಣಿಯ ಕಸವನ್ನೇ ಪೇರಿಸಿ ಒಡ್ಡು ಕಟ್ಟಿ, ಕಲ್ಲಿದ್ದಲು ತೊಳೆದ ಕಪ್ಪು ನೀರನ್ನು ಅದರ ಹಿಂದೆ ತುಂಬಿಸುತ್ತಿದ್ದರು. ಅದು ಮಿಂಟಿಯ ಅಜ್ಜಿಯ ಜಮೀನು. ಆ ಬೇಸಿಗೆಯಲ್ಲಿ ಬುಗ್ಗೆ ಮುಳುಗಿತ್ತು. ಮರುವರ್ಷ ಪೀಚ್ ಮರ ಮುಳುಗಿತು. ಹಾಡಿಗೆ ಎರಡನೆಯ ಚರಣ ಬಂತು. ಆಮೇಲೆ ಹಳೆಯ ಮನೆಯ ಚಿಮಣಿ; ಮೂರನೆಯದು.

ಪ್ರತಿ ಶುಕ್ರವಾರ ಅವಳು ಗುಡ್ಡ ಹತ್ತಿ ನೀರು ನೋಡಿ ಬರುತ್ತಿದ್ದಳು. ಶನಿವಾರ ಬೆಳಿಗ್ಗೆ ಪೇಟೆಯ ಪುಟ್ಟ ರೇಡಿಯೋ ಕೇಂದ್ರದಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದಳು. ಒಡ್ಡಿನ ಕೆಳಗಿನ ಇಪ್ಪತ್ತೆರಡು ಮನೆಗಳಲ್ಲಿ ಆ ಹೊತ್ತು ಯಾರೂ ಪಿಟಕ್ ಎನ್ನುತ್ತಿರಲಿಲ್ಲ. ಹೊಸ ಚರಣ ಇಲ್ಲದಿದ್ದರೆ, ನೀರು ಏರಿಲ್ಲವೆಂದು ಜನ ನಿಟ್ಟುಸಿರು ಬಿಟ್ಟು ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಒಡ್ಡಿಗೆ ಎಲ್ಲಕ್ಕಿಂತ ಹತ್ತಿರದ ಮನೆ ಅವಳ ತಮ್ಮ ಡೆಲ್ಮಸ್‌ನದು.

"ಕಂಪನಿಯೋರು ಹತ್ತು ಕಾಗದ ಕಳಿಸ್ಲಿ, ಒಲೆಗೆ ಹಾಕ್ತೀನಿ. ನಮ್ಮಕ್ಕ ಹಾಡಿದ್ರೆ ಮಾತ್ರ ನಂಬ್ತೀನಿ" ಎನ್ನುತ್ತಿದ್ದ.

೧೯೭೩ರಲ್ಲಿ, ಹಾಡಿನ ರೆಕಾರ್ಡುಗಳಿಗೆ ಹೆಸರಾದ ನ್ಯಾಶ್‌ವಿಲ್‌ನಿಂದ ಕರೆ ಬಂತು. ಅಷ್ಟರಲ್ಲಿ ಚರ್ಚಿನ ಮೆಟ್ಟಿಲೂ ಅಜ್ಜಿಯ ಗೋರಿಯೂ ಮುಳುಗಿ ಹಾಡಿಗೆ ಐದು ಚರಣಗಳಾಗಿದ್ದವು. ರೆಕಾರ್ಡು ಮಾಡುವಾತ, "ಮೂರು ಸಾಕಮ್ಮ. ಇಷ್ಟುದ್ದ ಹಾಡಿದ್ರೆ ಯಾರೂ ಹಾಕಲ್ಲ" ಎಂದನಂತೆ. ಅವಳು ಕೊನೆಯ ಎರಡನ್ನು ಬಿಟ್ಟಳು. ರೆಕಾರ್ಡು ಚೆನ್ನಾಗಿ ಓಡಿತು. ಎರಡು ವರ್ಷ ಮಿಂಟಿ ಮಿರುಗುವ ನೀಲಿ ಉಡುಪು ತೊಟ್ಟು, ವಾದ್ಯದವರ ಜೊತೆ ಬಸ್ಸಿನಲ್ಲಿ ಊರೂರು ಸುತ್ತಿದಳು. ನಮ್ಮ ರೇಡಿಯೋದವರು ಹೆಮ್ಮೆಯಿಂದ ಪ್ರತಿ ಶನಿವಾರ ಅದೇ ಹೊತ್ತಿಗೆ ಆ ರೆಕಾರ್ಡನ್ನು ಹಾಕುತ್ತಿದ್ದರು. ಗುಡ್ಡ ಹತ್ತಿ ನೀರು ನೋಡುವವರು ಯಾರೂ ಇರಲಿಲ್ಲ.

೧೯೭೫ರ ಮಾರ್ಚಿನಲ್ಲಿ ಮೂರು ದಿನ ಮಳೆ ಹಿಡಿಯಿತು. ಶನಿವಾರ ಬೆಳಿಗ್ಗೆ ತೊರೆಯ ಬಣ್ಣ ಕಂಡು ಹೆದರಿ ನಾನು ಡೆಲ್ಮಸ್‌ನ ಮನೆಗೆ ಹೋದೆ. ಅವನ ಹೆಂಡತಿ ಓಪಲ್ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು.

"ಡೆಲ್ಮಸ್, ತೊರೆ ಮಸಿ ಥರ ಹರೀತಾ ಇದೆ. ಓಪಲ್‌ನ ಕರ್ಕೊಂಡು ಹೊರಡಪ್ಪ."

"ಕೂತ್ಕೊಳ್ಳಿ ಮೇಷ್ಟ್ರೇ. ಅಕ್ಕ ಹಾಡ್ತಿದಾಳೆ. ಚಿಮಣಿ ತನಕ ಬಂದಿದೆ, ಅಷ್ಟೇ."

"ಅದು ರೆಕಾರ್ಡು ಕಣಯ್ಯ! ಎರಡು ವರ್ಷದ ಹಿಂದಿಂದು."

"ದನಿ ಅವಳದೇ ತಾನೆ?"

ನಾನು ಅವನ ರಟ್ಟೆ ಹಿಡಿದು ಎಳೆಯುತ್ತಿರುವಾಗಲೇ ನೆಲ ನಡುಗಿತು. ಒಡ್ಡಿನ ಒಂದು ಮೂಲೆ ಜಾರಿತ್ತು. ನಾನೂ ಡೆಲ್ಮಸ್‌ನೂ ಹಿತ್ತಲ ಗುಡ್ಡವನ್ನು ಬೆರಳಲ್ಲಿ ಬಗೆಯುತ್ತ ಹತ್ತಿ ಉಳಿದೆವು. ಕೊಟ್ಟಿಗೆ ಇದ್ದಲ್ಲಿ ಬರಿಯ ಕಪ್ಪು ಕೆಸರು. ಓಪಲ್ ಮೂರನೆಯ ದಿನ ಸಿಕ್ಕಳು.

ಮಿಂಟಿ ಓಪಲ್‌ಳ ಮಣ್ಣಿಗೆ ಬಂದಳು. ಬದಲಿಸಲು ಪುರುಸೊತ್ತಿಲ್ಲದೆ ಆ ನೀಲಿ ಉಡುಪಿನಲ್ಲೇ ಬಂದಿದ್ದಳು. ಯಾರು ಕೇಳಿದರೂ ಆ ದಿನ ಹಾಡಲಿಲ್ಲ. ವಾದ್ಯದವರ ಬಸ್ಸು ಅವಳಿಲ್ಲದೆ ಹೊರಟುಹೋಯಿತು. ಅವಳು ಶಾಲೆಯ ಅಡಿಗೆಗೂ ಶುಕ್ರವಾರದ ಗುಡ್ಡಕ್ಕೂ ಶನಿವಾರದ ಹಾಡಿಗೂ ಮರಳಿದಳು. ರೇಡಿಯೋದವರು ಆ ರೆಕಾರ್ಡನ್ನು ಮತ್ತೆ ಹಾಕಕೂಡದೆಂದು ಆಣೆ ಮಾಡಿಸಿಕೊಂಡಳು. ಕಂಪನಿ ಒಡ್ಡನ್ನು ಇನ್ನೂ ಎತ್ತರಿಸಿ ಕಟ್ಟಿತು. ಡೆಲ್ಮಸ್‌ನೂ ಮನೆಯನ್ನು ಅಲ್ಲಿಯೇ ಕಟ್ಟಿದ. "ನೀನು ಇಲ್ಲೇ ಇದೀಯಲ್ಲ, ಇನ್ನೇನು ಭಯ?" ಎಂದ. ವರ್ಷಗಳು ಕಳೆದಂತೆ ಹಾಡಿಗೆ ಹತ್ತೊಂಬತ್ತು ಚರಣಗಳಾದವು.

ಕಳೆದ ಶರತ್ಕಾಲದಲ್ಲಿ ಒಂದು ಶನಿವಾರ ಅವಳು ಅದನ್ನು ಬಿಟ್ಟು ಯಾವುದೋ ಪ್ರೇಮದ ಹಾಡು ಹಾಡಿದಳು. ಮುಂದಿನ ವಾರವೂ ಅಷ್ಟೇ. ರೇಡಿಯೋ ಕೇಂದ್ರದ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಏಕೆಂದು ನಾನೇ ಹೋಗಿ ಕೇಳಿದೆ.

"ಈ ಹಾಡಿರೋ ತನಕ ಅವರು ಜಾಗ ಬಿಟ್ಟು ಏಳಲ್ಲ, ಮೇಷ್ಟ್ರೇ. ಹೊಸ ಚರಣ ಬಂದಿಲ್ಲ ಅಂತ ಕಾಲು ಚಾಚಿ ಮಲಗ್ತಾರೆ. ನನಗೆ ಎಪ್ಪತ್ತೆರಡು. ಈ ಮಂಡೀಲಿ ಹತ್ತಿ ಇಳಿಯೋ ತನಕ ನೀರು ಕಾಯುತ್ತಾ?"

"ಹತ್ತೊಂಬತ್ತರ ಮೇಲೆ ಮುಳುಗೋಕೆ ಇನ್ನೇನು ಉಳಿದಿದೆ, ಮಿಂಟಿ?"

"ಏನೂ ಇಲ್ಲ. ಇನ್ನು ಒಡ್ಡಿನ ಅಂಚೇ."

ಹಾಡು ನಿಂತ ಮೇಲೆ ಆರು ಸಂಸಾರಗಳು ಗಂಟುಮೂಟೆ ಕಟ್ಟಿದವು. ಡೆಲ್ಮಸ್ ಮಾತ್ರ ಕದಲಿಲ್ಲ. ಗಣಿಯ ದೂಳು ಕುಡಿದ ಅವನ ಎದೆ ಈಗ ನಾಲ್ಕು ಹೆಜ್ಜೆಗೇ ಸಿಳ್ಳು ಹಾಕುತ್ತದೆ. ದಿನವೂ ಬೆಳಿಗ್ಗೆ ಮಿಂಟಿ ಅವನ ಮನೆಗೆ ಹೋಗಿ ಪಾತ್ರೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಾಳೆ. ಸಂಜೆಯೊಳಗೆ ಅವನು ಎಲ್ಲವನ್ನೂ ಬಿಚ್ಚಿಡುತ್ತಾನೆ. ಈ ವಾರದಿಂದ ಅವಳು ತುಂಬಿದ್ದನ್ನು ಅಲ್ಲಿ ಬಿಡದೆ ಗುಡ್ಡದಾಚೆಯ ತನ್ನ ಮನೆಗೆ ಸಾಗಿಸುತ್ತಿದ್ದಾಳೆ. ನಿನ್ನೆ ನಾನೂ ಅಲ್ಲಿದ್ದೆ.

"ನನ್ನ ಬಾಣಲೆ ಎಲ್ಲಿ, ಅಕ್ಕಾ?"

"ಗಾಡೀಲಿ."

"ಮೊಟ್ಟೆ ಏನು, ಬೋಳುತಲೆ ಮೇಲೆ ಹುರ್ಕೊಳ್ಳಲಾ?"

"ನಮ್ಮನೇಲಿ ಒಲೆ ಇದೆ. ಅಲ್ಲಿ ಬಂದು ಹುರ್ಕೋ."

ಅವನು ನಕ್ಕ. ನಗು ಕೆಮ್ಮಾಯಿತು; ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಮಿಂಟಿ ಅವನ ಬೆನ್ನು ನೀವುತ್ತ ಕಿಟಕಿಯಾಚೆಯ ತೊರೆಯನ್ನೇ ನೋಡುತ್ತಿದ್ದಳು. ಮಂಗಳವಾರದಿಂದ ಮಳೆ ಬಿಟ್ಟಿಲ್ಲ.

ಇವತ್ತು ಬೆಳಿಗ್ಗೆ ಅವಳು ಡೆಲ್ಮಸ್‌ನ ಮಂಚ ಬಿಚ್ಚಲು ಸ್ಪ್ಯಾನರ್ ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದಳು. ಕೊಟ್ಟು ಕಳಿಸಿದ್ದೇನೆ. ಮಂಚದ ಒಂದು ತುದಿಯನ್ನು ಹಿಡಿಯಲು ನಾನೂ ಹೊರಟಿದ್ದೇನೆ.