ಮಜ್ಜಿಗೆ ನೀರಿನ ಬಾಳೆಹೂವು

ಎಕ್ಕಂಬಿಯಲ್ಲಿ ಒಂದು ಉಪನಯನದ ಅಡಿಗೆಗೆ ಹೋಗಿದ್ದೆ. ತರಕಾರಿ ಹೆಚ್ಚಲು ಬರುವ ಗಂಗಕ್ಕ ಬಾಳೆಹೂವು ಹೆಚ್ಚುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ನೆಂಟರೊಬ್ಬರು ಒಂದು ಬಾಟಲಿ ಹಿಡಿದುಕೊಂಡು ಒಳಗೆ ಬಂದರು.

“ಸಕ್ಕರೆ ಇದ್ರೆ ಮೈಯೊಳಗೆ ತುಕ್ಕು ಹಿಡೀತು ಗಂಗಕ್ಕ. ಇದ್ರಲ್ಲಿ ಆಂಟಿಆಕ್ಸಿಡೆಂಟ್ ಇದ್ದು, ತಡೀತು. ನಂಗೂ ಸಕ್ಕರೆ ಇದ್ದು, ಇದರಿಂದ್ಲೇ ಆರಾಮು. ಗುಳಿಗೆ ಬಿಟ್ರೂ ಅಡ್ಡಿಲ್ಲೆ.”

ಗಂಗಕ್ಕ ಕೈ ಒರೆಸಿಕೊಂಡು ಬಾಟಲಿ ತಗೊಂಡಳು.

ನನ್ನ ಹೆಂಡತಿಯೂ ಹೀಗೇ ಒಂದು ಪುಡಿ ನಂಬಿ ಗುಳಿಗೆ ಬಿಟ್ಟಿದ್ದಳು. ಅವಳು ತೀರಿಹೋಗಿ ವರ್ಷವಾಯಿತು. ಆಗ ನಾನು ಬಾಯಿ ತೆರೆದಿರಲಿಲ್ಲ. ಈ ಸಲ ತೆರೆದೆ.

“ಹೆಚ್ಚಿದ ಬಾಳೆಹೂವನ್ನ ಮಜ್ಜಿಗೆ ನೀರಿಗೆ ಎಂತಕ್ಕೆ ಹಾಕದು ಗಂಗಕ್ಕ?”

“ಇಲ್ದಿದ್ರೆ ಕಪ್ಪಾಗ್ತು.”

“ಮಜ್ಜಿಗೆಗೆ ಹಾಕಿದ್ದು ಅಂತ ಬೇಯಿಸ್ದೇ ಬಡಿಸಲಾಗ್ತಾ?”

“ಎಂತ ಮಾತಾ ನಿಂದು. ಯಾರ ಗಂಟಲಿಗೂ ಇಳೀತಿಲ್ಲೆ.”

“ಇದೂ ಹಂಗೇಯ. ತುಕ್ಕು ತಡೆದ್ರೂ ಗುಳಿಗೆ ಕೆಲಸ ಮಾಡ್ತಿಲ್ಲೆ. ನೆಲ್ಲಿಕಾಯಿ ತಿನ್ನು, ಸೊಪ್ಪು ತಿನ್ನು. ಗುಳಿಗೆ ಬಿಡಡ.”

“ಅಡಿಗೆ ಭಟ್ರು ಯಾವಾಗ ಡಾಕ್ಟ್ರಾದ್ರು?” ಅಂದರು ಬಾಟಲಿಯವರು.

“ಇಲ್ಲೆ. ಕಲ್ತಿದ್ದು ಮೂರನೇ ಕ್ಲಾಸು” ಅಂದೆ.

ಗಂಗಕ್ಕ ಬಾಟಲಿ ವಾಪಸು ಕೊಟ್ಟಳು. ಊಟಕ್ಕೆ ಮೊದಲು ಅವಳು ಗುಳಿಗೆ ನುಂಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ಬಾಟಲಿಯವರು ಪಾಯಸ ಎರಡು ಸಲ ಹಾಕಿಸಿಕೊಂಡು ಮತ್ತೆ ಕೇಳಿದರು. ಪಾತ್ರೆಯಲ್ಲಿ ಇನ್ನೂ ಅರ್ಧ ಇತ್ತು. ಮುಗಿಯಿತು ಅಂದೆ.