ಬ್ರೇಕಿಗೆ ಹರಳೆಣ್ಣೆ

ನಿನ್ನೆ ಮಧ್ಯಾಹ್ನ ಮುಂಬಯಿಯ ನಮ್ಮ ಮುಲುಂಡ್ ಮನೆಯ ಹಾಲಿನಲ್ಲಿ ತಮ್ಮನ ಮಗಳು ತನ್ನ ಸೈಕಲ್ಲನ್ನು ಮಲಗಿಸಿಕೊಂಡು ಕೂತಿದ್ದಳು. ಈಗಿನ ಕಾಲದ ಸೈಕಲ್ಲು. ಬ್ರೇಕಿಗೆ ತಂತಿಯೇ ಇಲ್ಲ, ಕೊಳವೆಯೊಳಗಿನ ಎಣ್ಣೆಯ ಒತ್ತಡಕ್ಕೆ ಚಕ್ರ ನಿಲ್ಲುತ್ತದಂತೆ. ಬ್ರೇಕಿನ ಹಿಡಿ ಬೆರಳಿಗೆ ಎಟಕುವಂತೆ ಹೊಂದಿಸಿಕೊಳ್ಳಲು ಅದರ ಮೇಲೊಂದು ಪುಟ್ಟ ಗುಂಡಿ. ಜಿಡ್ಡು ಮೆತ್ತಿಕೊಂಡು ಅದು ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ. "ಅತ್ತೆ, ಯೇ ತೋ ಜಾಮ್ ಹೋ ಗಯಾ" ಎನ್ನುತ್ತ ಹುಡುಗಿ ಇಕ್ಕಳಕ್ಕೆ ಕೈಹಾಕಿದಳು. ಇಕ್ಕಳ ಕಂಡದ್ದೇ ನನಗೆ ಹಳೆಯದೊಂದು ಅವಮಾನ ನೆನಪಾಯಿತು.

ನನ್ನದೂ ಒಂದು ಸೈಕಲ್ಲಿತ್ತು. ಮೂರು ಚಕ್ರದ್ದು, ಕೈಯಲ್ಲಿ ತುಳಿಯುವಂಥದ್ದು. ಕೈಯಲ್ಲಿ ತುಳಿಯುವುದು ಹೇಗೆಂದು ನಗಬೇಡಿ. ಪೆಡಲು ಎದೆಯ ಮುಂದಿರುತ್ತಿತ್ತು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ನನ್ನ ಕಾಲುಗಳ ಬಲ ಹೋಗಿತ್ತು. ಎಂಬತ್ತರ ದಶಕದಲ್ಲಿ ನಾವು ಸಯನ್‌ನಲ್ಲಿ ಕೆಳಮಹಡಿಯ ಮನೆಯಲ್ಲಿದ್ದೆವು. ಮೈಸೂರು ಕಡೆಯವರಲ್ಲವೇ, ಶುಕ್ರವಾರ ಬಂತೆಂದರೆ ಅಮ್ಮ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಬಟ್ಟಲಲ್ಲಿ ಮಿಕ್ಕಿದ್ದು ಸೈಕಲ್ಲಿಗೆ. ಮನೆಮಂದಿಗೆಲ್ಲ ಅಭ್ಯಂಜನವಾದ ಮೇಲೆ ಅದೊಂದು ಏನು ಪಾಪ ಮಾಡಿದೆ ಎಂದು ನಾನೇ ಅದರ ಮೈಗೆಲ್ಲ ಸವರುತ್ತಿದ್ದೆ. ನನ್ನ ಕೂದಲು ಸೊಂಪಾಗಿ ಬೆಳೆಯಿತು. ಸೈಕಲ್ಲಿನಲ್ಲಿ ಮಾತ್ರ ಮೂರು ವರ್ಷದ ಹರಳೆಣ್ಣೆ ಮುಂಬಯಿಯ ಧೂಳಿನ ಜೊತೆ ಸೇರಿ ಅಂಟಾಯಿತು. ಬ್ರೇಕಿನ ತಂತಿ ಸಡಿಲವಾದರೆ ಬಿಗಿ ಮಾಡಿಕೊಳ್ಳುವ ಗುಂಡಿ ಕಚ್ಚಿಕೊಂಡು ಕೂತಿತು.

ಅದು ಗೊತ್ತಾದದ್ದು ಒಂದು ಶನಿವಾರ. ಸೋಮವಾರ ನನ್ನ ಮೊದಲ ನೌಕರಿಯ ಮೊದಲ ದಿನ. ಸ್ಟೇಷನ್ನಿನ ಆಚೆಗಿದ್ದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಅಲ್ಲಿಗೆ ಹೋಗಲು ರೈಲುಹಳಿಯ ಮೇಲಿನ ರಸ್ತೆ ಸೇತುವೆ ಹತ್ತಿ ಇಳಿಯಬೇಕು, ಬ್ರೇಕಿನ ಹಿಡಿ ಪೂರ್ತಿ ಅದುಮಿದರೂ ಸೈಕಲ್ಲು ನಿಲ್ಲುತ್ತಿಲ್ಲ. "ನಾನು ತಳ್ಕೊಂಡು ಬರ್ತೀನಿ ಬಿಡು" ಎಂದರು ಅಪ್ಪ. ಶಾಲೆಗೆ, ಕಾಲೇಜಿಗೆ, ಸಂದರ್ಶನಕ್ಕೆ, ಎಲ್ಲಕ್ಕೂ ಅವರೇ ತಳ್ಳಿದ್ದರು. ಇದೊಂದಕ್ಕೆ ನಾನೊಬ್ಬಳೇ ಹೋಗಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಹೇಳಿಕೊಳ್ಳಲೂ ನಾಚಿಕೆಯಾಗುತ್ತಿತ್ತು. ಸಿಟ್ಟಿನಲ್ಲಿ ಇಕ್ಕಳ ಹಾಕಿ ತಿರುಚಿದೆ. ಗುಂಡಿಯ ಅಂಚು ಸವೆಯಿತೇ ಹೊರತು ಅದು ಅಲುಗಲಿಲ್ಲ.

ಬೀದಿಯ ಕೊನೆಯಲ್ಲಿ ಉಡುಪಿಯವರ ಒಂದು ಹೋಟೆಲಿತ್ತು. ಅಲ್ಲಿ ಇಡ್ಲಿ ಬೇಯಿಸುವ ವಾಸಣ್ಣ ರುಬ್ಬುವ ಯಂತ್ರವನ್ನೂ ರಿಪೇರಿ ಮಾಡುತ್ತಾರೆಂದು ಕೇಳಿದ್ದೆ. ಮೂರು ಗಂಟೆಗೆ, ಅಡುಗೆಮನೆಗೆ ಬಿಡುವಾಗುವ ಹೊತ್ತಿಗೆ, ಮೆಲ್ಲಗೆ ಹಿತ್ತಿಲ ಬಾಗಿಲಿಗೆ ಹೋಗಿ, ಸೋಮವಾರ ಒಬ್ಬಳೇ ಸೇತುವೆ ಇಳಿಯಬೇಕೆಂದು ಹೇಳಿಕೊಂಡೆ. ಅವರು ಗುಂಡಿಯನ್ನು ಮೂಸಿ ನೋಡಿ, ಹರಳೆಣ್ಣೆಯಾ ಎಂದು ಕೇಳಿದರು. ಹೌದೆಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಯನ್ನು ಕುದಿಯುವ ನೀರಿನಿಂದ ಬರಿಗೈಯಲ್ಲೇ ಎತ್ತಿ, ಹಿಂಡಿ, ಗುಂಡಿಗೆ ಸುತ್ತಿದರು. ಆರುತ್ತಲೇ ಇನ್ನೊಂದು. ಹೀಗೆ ಎಂಟೋ ಹತ್ತೋ ಸಲ, ಒಂದಿಷ್ಟೂ ಅವಸರವಿಲ್ಲದೆ, ಎಳೆಮಗುವಿಗೆ ಶಾಖ ಕೊಡುವವರ ಹಾಗೆ. ಇಡ್ಲಿ ಬೆಂದಿತೆಂದು ಮುಚ್ಚಳ ತೆಗೆಯದೆಯೇ ತಿಳಿಯುವ ಮನುಷ್ಯ; ಒಳಗಿನ ಅಂಟು ಕರಗಿದ್ದೂ ಹಾಗೇ ತಿಳಿಯಿತೋ ಏನೋ. ಎರಡು ಬೆರಳಿಟ್ಟು, ತಿರುಗುತ್ತ ಹೊರಬರಬೇಕಾದ ಗುಂಡಿಯನ್ನು ಮೊದಲು ಒಳಗಡೆಗೆ, ತಪ್ಪು ದಿಕ್ಕಿಗೆ, ಎಳ್ಳಿನಷ್ಟು ತಿರುಗಿಸಿದರು. ಸಣ್ಣದೊಂದು ಸದ್ದಾಯಿತು. ಇಕ್ಕಳಕ್ಕೆ ಜಗ್ಗದ ಲೋಹ ಅವರ ಬೆರಳಿಗೆ ಒಲಿದಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಅಷ್ಟಕ್ಕೇ ಅವರು ಕೈ ತೆಗೆದುಬಿಟ್ಟರು.

"ಇನ್ನು ನೀವೇ ತಿರುಗಿಸಿ ಮಾರಾಯ್ರೆ. ಸೇತುವೆ ಮೇಲೆ ನಾನು ಇರುವುದಿಲ್ಲ ಅಲ್ವಾ?"

ತಿರುಗಿಸಿದೆ. ಬೆರಳು ಜಾರಿತು, ಬಿಸಿ ತಾಗಿತು, ಕಣ್ಣಲ್ಲಿ ನೀರು ಬಂತು. ಅವರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು, ಸಹಾಯಕ್ಕೆ ಬರಲಿಲ್ಲ. ಕಾಲು ಗಂಟೆಯಾದ ಮೇಲೆ ತಂತಿ ಬಿಗಿಯಾಯಿತು.

ಸೋಮವಾರ ಒಬ್ಬಳೇ ಹೊರಟೆ. ಸೇತುವೆ ಇಳಿಯುವಾಗ ಹಿಡಿ ಅದುಮಿದರೆ ಸೈಕಲ್ಲು ಹೇಳಿದಲ್ಲಿ ನಿಂತಿತು. ಬೇಕಿಲ್ಲದಿದ್ದರೂ ಎರಡು ಸಲ ನಿಲ್ಲಿಸಿ ನೋಡಿದೆ. ಒಂದೇ ಒಂದು ಬೇಸರವಿತ್ತು. ನಾನು ಹೊರಡುವಾಗ ಅಪ್ಪ ಬಾಗಿಲ ತನಕವೂ ಬರಲಿಲ್ಲ. ಪೇಪರು ಹಿಡಿದು ಕುರ್ಚಿಯಲ್ಲೇ ಕೂತಿದ್ದರು. ತಳ್ಳುವುದು ಬೇಡವೆಂದದ್ದಕ್ಕೆ ಕೋಪವಿರಬೇಕೆಂದು ಇಷ್ಟು ವರ್ಷವೂ ಅಂದುಕೊಂಡಿದ್ದೆ.

ನಿನ್ನೆ ಹುಡುಗಿಯ ಕೈಯಿಂದ ಇಕ್ಕಳ ಕಸಿದಿಟ್ಟು, ಬಿಸಿಬಟ್ಟೆ ಸುತ್ತುವುದನ್ನು ಹೇಳಿಕೊಟ್ಟೆ. ಅವಳು ಸುತ್ತಿದ್ದು ಸರಿಯಿರಲಿಲ್ಲ. ತಿರುಗಿಸಿದ್ದೂ ಸರಿಯಿರಲಿಲ್ಲ. ಬೆರಳು ಸುಟ್ಟುಕೊಂಡು ನನ್ನ ಮುಖ ನೋಡಿದಳು. ಮುಂದೆ ಬಾಗಿ ಒಮ್ಮೆ ತಿರುಗಿಸಿಬಿಡಲು ನನ್ನ ಕೈ ತುಡಿಯಿತು. ಹಾಗೆ ಮಾಡಬಾರದೆಂದು ಪಕ್ಕದಲ್ಲಿದ್ದ ಪೇಪರನ್ನು ಎತ್ತಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಆಗ ಅಪ್ಪನ ಕೋಪದ ಅರ್ಥ ನನಗಾಯಿತು.